ದಂಡದ ಸುತ್ತು

ನೂರೈವತ್ತು ಮೀಟರು. ಅಷ್ಟೇ ಅದರ ಉದ್ದ,
ಮೊಟ್ಟೆಯಾಕಾರದ ಒಂದು ಹಿಮದ ದಾರಿ.
ಗುರಿ ತಪ್ಪಿದ ಪ್ರತಿ ಗುಂಡಿಗೂ ಇಲ್ಲೊಂದು ಸುತ್ತು.
ಅಂಚಿನಲ್ಲಿ ನಿಂತು
ಯಾರು ಎಷ್ಟು ಸುತ್ತಿದರೆಂದು ಗೀಟು ಹಾಕುವುದು ನನ್ನ ಕೆಲಸ.
ಮೈನಸ್ ಹದಿನೆಂಟರಲ್ಲಿ ಪೆನ್ನು ಬರೆಯುವುದಿಲ್ಲ;
ಅದಕ್ಕೇ ಈ ಮೊಂಡು ಪೆನ್ಸಿಲು.

ಕೊಂತಿಯೋಲಹ್ತಿಯ ಚಳಿಗೆ ನಾನು ಹೊಸಬಳಲ್ಲ.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಗುರುವಾರ ಗುರುವಾರ ಬಟಾಣಿ ಸಾರು ಬಡಿಸಿದ ಓರ್ವೊಕ್ಕಿ.
ಈ ಪಿಹ್ಲಾಳಿಗೂ ಬಡಿಸಿದ್ದೇನೆ,
ಆಗ ಇವಳಿಗೆ ಮುಂದಿನ ಎರಡು ಹಲ್ಲಿರಲಿಲ್ಲ,
ಮತ್ತೊಮ್ಮೆ ತಟ್ಟೆ ಹಿಡಿದು ಬರುತ್ತಿದ್ದಳು.
ಈಗ ಟೀವಿಯಲ್ಲಿ ಬರುತ್ತಾಳೆ.

ಬಂದಳು ನೋಡಿ, ಗುಡ್ಡ ಹತ್ತಿ,
ಬೆನ್ನಿಗೆ ರೈಫಲ್ಲು, ಗಲ್ಲದ ಮೇಲೆ ಹೆಪ್ಪುಗಟ್ಟಿದ ಜೊಲ್ಲು,
ನಿಮಿಷಕ್ಕೆ ನೂರೆಪ್ಪತ್ತು ಸಲ
ಎದೆಯ ಬಾಗಿಲು ಬಡಿಯುವ ಯಾರೋ ಒಬ್ಬರು.
ಅದೇ ಎದೆಯನ್ನು ಚಾಪೆಗೊತ್ತಿ ಮಲಗಿ
ಐವತ್ತು ಮೀಟರಾಚೆ
ಬಿಸ್ಕತ್ತಿನಷ್ಟು ಕಪ್ಪನ್ನು ಹುಡುಕಬೇಕು.
ಎರಡು ಬಡಿತದ ನಡುವೆ ಒಂದು ಸಂದು ಇರುತ್ತದಂತೆ,
ಬೆರಳು ಅಲ್ಲಿ ನುಸುಳಬೇಕಂತೆ.

ಬಿಳಿ. ಬಿಳಿ. ಬಿಳಿ.
ನಾಲ್ಕನೆಯದು ಕಪ್ಪಾಗಿಯೇ ಉಳಿಯಿತು.
ನಾಲ್ಕನೆಯದರ ಸುದ್ದಿಯನ್ನು
ಅವಳು ಐದನೆಯದಕ್ಕೆ ಹೇಳಲಿಲ್ಲ.
ಬಿಳಿ.

ಎದ್ದು ನನ್ನ ಕಡೆಗೆ ತಿರುಗಿದಳು. ಇಪ್ಪತ್ತನಾಲ್ಕು ಸೆಕೆಂಡು.
ತಲೆ ಕೊಡವಲಿಲ್ಲ, ಬಾಯೊಳಗೇ ಬೈದುಕೊಳ್ಳಲಿಲ್ಲ,
ಗಾಳಿಯ ಮೇಲೆ ಹೊರಿಸಲಿಲ್ಲ
(ಗಾಳಿಯಿತ್ತು, ಬಾವುಟ ನೋಡಿದ್ದೇನೆ).
ಅಂಗಡಿಯ ಬಾಕಿ ಕೊಟ್ಟು ಹೊರಡುವವಳಂತೆ
ಸುತ್ತಿ ಹೊರಟೇಹೋದಳು. ಒಂದು ಗೀಟು.

ಆಮೇಲೆ, ನಿಂತು ಹೊಡೆಯುವಾಗ, ಎರಡು ತಪ್ಪಿತು.
ಎರಡು ಸುತ್ತು ಸುತ್ತಬೇಕಿತ್ತು.
ಮೂರು ಸುತ್ತಿದಳು.

ಮೂರನೆಯದಕ್ಕೆ ತಿರುಗಿದಾಗ ನನ್ನ ಬಾಯಿ ತನ್ನಷ್ಟಕ್ಕೆ ತೆರೆಯಿತು,
ಚಳಿ ಒಳಹೊಕ್ಕಿತು, ಮಾತು ಹೊರಬರಲಿಲ್ಲ.
ಎಣಿಸುವವರು ಮಾತಾಡಕೂಡದು.
ಕಡಿಮೆ ಸುತ್ತಿದರೆ ಎರಡು ನಿಮಿಷ ಶಿಕ್ಷೆ;
ಹೆಚ್ಚು ಸುತ್ತಿದರೆ
ಏನೂ ಇಲ್ಲ. ಯಾರೂ ಏನೂ ಹಿಂದಿರುಗಿಸುವುದಿಲ್ಲ.
ಹಾಳೆಯಲ್ಲಿ ಅದಕ್ಕೊಂದು ಮನೆಯೂ ಇಲ್ಲ.
ಅಂಚಿನ ಖಾಲಿಯಲ್ಲಿ ಗೀಟೆಳೆದೆ.

ಒಂಬತ್ತು ಸೆಕೆಂಡಿನಲ್ಲಿ ಪದಕ ಹೋಯಿತು.

ಸಂಜೆ ಡೇರೆಯಲ್ಲಿ ಕೇಳಿಯೇಬಿಟ್ಟೆ: ಗೊತ್ತಾಗಲಿಲ್ಲವೇನೇ?
"ಗೊತ್ತಾಯ್ತು, ಅರ್ಧ ಸುತ್ತಿದ ಮೇಲೆ."
ಮತ್ತೆ?
"ಮತ್ತೇನು, ಅರ್ಧದಲ್ಲಿ ಹೊರದಾರಿ ಎಲ್ಲಿದೆ?
ಮುಂದೆ ಗುಡ್ಡ ಇತ್ತಲ್ಲ, ಅದನ್ನು ಹತ್ತಬೇಕಿತ್ತು."
ಬೂಟಿನ ದಾರ ಬಿಚ್ಚುತ್ತ ನಕ್ಕಳು,
"ಅತ್ತೆ ಕಣ್ರೀ, ಬಸ್ಸಿನ ಹಿಂದೆ ನಿಂತು.
ಹತ್ತು ನಿಮಿಷ. ಗಡಿಯಾರ ಇಟ್ಟುಕೊಂಡೇ ಅತ್ತೆ.
ಸಾರು ಇದೆಯಾ?"

ಅಮ್ಮನನ್ನು ಮಣ್ಣು ಮಾಡಿ ಬಂದ ದಿನ
ಕಾಫಿಗೆ ಕೂತವರೆಲ್ಲರ ಎದುರು
ತಂಗಿ ಸಿಲ್ಯಾಗೆ ನಾನೊಂದು ಮಾತು ಅಂದಿದ್ದೆ.
ಆರು ಬೆಳ್ಳಿ ಚಮಚಗಳ ವಿಷಯ.
ಮಾತು ಆಡಿದರೆ ಹೋಯಿತು,
ಗುಂಡು ಹಾರಿದರೆ ಹೋಯಿತು.
ಅದಕ್ಕೆಷ್ಟು ಸುತ್ತೆಂದು ಯಾರೂ ಹೇಳಿರಲಿಲ್ಲ.
ಹನ್ನೊಂದು ಚಳಿಗಾಲದಿಂದ ಸುತ್ತುತ್ತಿದ್ದೇನೆ,
ಗಾಣದ ಎತ್ತು, ಎಣ್ಣೆಯಿಲ್ಲ ಹಿಂಡಿಯಿಲ್ಲ,
ತಪ್ಪಿಗೆ ತಕ್ಕ ಬೆಲೆ ತೆರುತ್ತಿದ್ದೇನೆಂದು
ನಿಜ ಹೇಳಬೇಕೆಂದರೆ
ಸ್ವಲ್ಪ ಹೆಮ್ಮೆಯಿಂದಲೇ.
ಅವಳಿರುವುದು ನಲವತ್ತು ಕಿಲೋಮೀಟರು ದೂರ.
ದಿನಕ್ಕೆರಡು ಬಸ್ಸು.

ಹಾಳೆ ಒಪ್ಪಿಸುವಾಗ ತೀರ್ಪುಗಾರ
ಅಂಚಿನ ಗೀಟಿನ ಮೇಲೆ ಬೆರಳಿಟ್ಟು ಕೇಳಿದ: ಇದೇನು?
ಲೆಕ್ಕಕ್ಕಿಲ್ಲದ್ದು, ಅಂದೆ.
ಅವನು ರಬ್ಬರು ಹುಡುಕುತ್ತಿದ್ದ,
ನಾನು ಕಾಯಲಿಲ್ಲ. ನಾಳಿನ ಮೊದಲ ಬಸ್ಸು ಏಳಕ್ಕೆ;
ಆ ಚಮಚಗಳನ್ನು ಯಾವ ಪೆಟ್ಟಿಗೆಯಲ್ಲಿಟ್ಟಿದ್ದೇನೆಂದು
ನೆನಪು ಮಾಡಿಕೊಳ್ಳುತ್ತ ನಡೆದೆ,
ಕಾಲಡಿಯ ಹಿಮ ಕರಕರ ಅನ್ನುತ್ತಿತ್ತು.